ಮಬ್ರೂಕಾಳ ಪಾಳಿ

ಖರ್ಜೂರದ ಡಬ್ಬಿಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತುವ ಯಂತ್ರ ಮತ್ತೆ ನಿಂತಿತು. ಪರದೆಯ ಮೇಲೆ ಅದೇ ಕೆಂಪು ಅಕ್ಷರ: ಎನ್‌ಕೋಡರ್ ದೋಷ. ಮಬ್ರೂಕಾ ಗಡಿಯಾರ ನೋಡಿ, ಯಂತ್ರ ನಿಂತ ಹೊತ್ತು ದಾಖಲಿಸುವ ಪುಸ್ತಕದಲ್ಲಿ ಬರೆದಳು: ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ.

"ನೋಡಿದ್ರಾ?" ಎಂದ ಮ್ಯಾನೇಜರ್ ಲಝರ್, ಗಾಬೆಸ್ ನಗರದಿಂದ ರಿಪೇರಿಗೆ ಬಂದಿದ್ದ ತಿಜಾನಿಗೆ. "ಹತ್ತು ದಿನದಲ್ಲಿ ಇದು ಎಂಟನೇ ಸಲ. ಎಂಟೂ ಇವಳ ಪಾಳೀಲೇ. ಬೆಳಗಿನವರಿಗೆ ನಿಲ್ಲಲ್ಲ, ರಾತ್ರಿಯವರಿಗೆ ನಿಲ್ಲಲ್ಲ. ಇವಳ ದೃಷ್ಟಿ ಕೆಟ್ಟದು ಅಂತಾರೆ ಹುಡುಗ್ರು. ನಾನು ಅದನ್ನೆಲ್ಲ ನಂಬಲ್ಲ. ಆದ್ರೂ ನಾಳೆಯಿಂದ ಇವಳನ್ನ ಖರ್ಜೂರ ಆರಿಸೋ ಮೇಜಿಗೆ ಕಳಿಸ್ತಿದೀನಿ."

ಆ ಮೇಜಿನ ಮುಂದೆ ಒಂಬತ್ತು ವರ್ಷ ಕೂತು ಸೊಂಟ ಹಿಡಿದುಕೊಂಡ ಮೇಲೆ ಮಬ್ರೂಕಾಳಿಗೆ ಈ ಯಂತ್ರ ಸಿಕ್ಕಿತ್ತು.

ತಿಜಾನಿ ಯಂತ್ರದ ವಿದ್ಯುತ್ ಪ್ಯಾನೆಲ್ ಬಾಗಿಲು ತೆಗೆಯಲು ಹೋದ. ಹಿಡಿಕೆಗೆ ಒಣಗಿದ ಮೀನಿನ ಬಾಲ ಕಟ್ಟಿತ್ತು.

"ದೃಷ್ಟಿಗಾ?"

"ರಾತ್ರಿಯವರು ಕಟ್ಟಿದ್ದು. ಇರಲಿ ಬಿಡಿ, ನಷ್ಟ ಏನಿದೆ," ಎಂದ ಲಝರ್.

"ವಾಸನೆ ಇದೆ," ಎಂದು ತಿಜಾನಿ ಬಾಗಿಲು ತೆಗೆದ.

ಮೋಟಾರು ಎಷ್ಟು ತಿರುಗಿತೆಂದು ಎನ್‌ಕೋಡರ್ ಕ್ಷಣಕ್ಷಣಕ್ಕೂ ಪ್ಯಾನೆಲ್ ಒಳಗಿದ್ದು ಮೋಟಾರನ್ನು ನಡೆಸುವ ಡ್ರೈವಿಗೆ ವರದಿ ಕೊಡುತ್ತಿರಬೇಕು; ವರದಿ ತಪ್ಪಿದರೆ ಡ್ರೈವ್ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ತಿಜಾನಿ ದೋಷ ಅಳಿಸಿ, ವರದಿ ಒಯ್ಯುವ ಕೇಬಲನ್ನು ಅದು ದಿನವಿಡೀ ಬಾಗುವ ಜಾಗದಲ್ಲಿ ಬೆರಳಿನಿಂದ ಮಡಚಿದ. ಕೆಂಪು ಅಕ್ಷರ ಬಂತು.

"ಒಳಗೆ ತಂತಿ ತುಂಡಾಗಿದೆ; ಬಾಗಿದಾಗ ಬಿಡುತ್ತೆ, ನೆಟ್ಟಗಾದ್ರೆ ಮತ್ತೆ ತಾಗುತ್ತೆ. ಇದು ಯಾರು ಓಡಿಸಿದ್ರೂ ನಿಲ್ಲುತ್ತೆ."

"ಮತ್ತೆ ಬೇರೆಯವರಿಗ್ಯಾಕೆ ನಿಲ್ಲಲ್ಲ?"

ತಿಜಾನಿ ಲ್ಯಾಪ್‌ಟಾಪ್ ಜೋಡಿಸಿ, ಡ್ರೈವ್ ತನ್ನಷ್ಟಕ್ಕೆ ಉಳಿಸಿಟ್ಟುಕೊಂಡಿದ್ದ ದೋಷಗಳ ಪಟ್ಟಿ ತೆಗೆದ. ಪ್ರತಿಯೊಂದರ ಎದುರಿಗೂ ದಿನ, ಗಂಟೆ.

"ಹತ್ತು ದಿನದಲ್ಲಿ ಮೂವತ್ತೊಂದು ಸಲ ನಿಂತಿದೆ ಸಾಹೇಬ್ರೇ, ಈಗ ನಾನು ನಿಲ್ಲಿಸಿದ್ದು ಬಿಟ್ಟು. ಬೆಳಗ್ಗೆ ಹದಿನಾರು, ರಾತ್ರಿ ಏಳು. ಈ ಅಕ್ಕನ ಪಾಳೀಲಿ ಎಂಟು."

ಲಝರ್ ಪುಸ್ತಕದ ಹಾಳೆ ತಿರುವಿದ. "ಅವರ್ಯಾರೂ ಬರೆದೇ ಇಲ್ವಲ್ಲ."

"ಆಫ್ ಮಾಡಿ ಆನ್ ಮಾಡಿದ್ರೆ ಓಡುತ್ತೆ. ಬರೆಯೋ ತಾಪತ್ರಯ ಯಾರಿಗೆ ಬೇಕು?"

"ನೀನ್ಯಾಕೆ ಬರ್ದೆ?" ಎಂದು ಲಝರ್ ಮಬ್ರೂಕಾಳನ್ನು ಕೇಳಿದ.

"ಬರೀಬೇಕು ಅಂತ ನೀವೇ ಗೋಡೆಗೆ ಅಂಟಿಸಿದೀರಲ್ಲ."

ಹೊಸ ಕೇಬಲ್ ಹಾಕಲು ಒಂದು ಗಂಟೆ ಹಿಡಿಯಿತು. ಮಬ್ರೂಕಾ ಹಸಿರು ಗುಂಡಿ ಒತ್ತಿದಳು. ಡಬ್ಬಿಗಳು ಒಂದರ ಹಿಂದೊಂದು ಹೊಳೆಯುವ ಹಾಳೆ ಸುತ್ತಿಕೊಂಡು ಹೊರಬರತೊಡಗಿದವು.

"ಹೋಗ್ಲಿ, ನೀನು ಇಲ್ಲೇ ಇರು," ಎಂದ ಲಝರ್. "ಮೂರೂ ಪಾಳೀಲಿ ನಿಂತಿದೆ ಅಂದ್ಮೇಲೆ ಯಂತ್ರದ್ದೇ ತಪ್ಪು."

"ನನ್ನೊಬ್ಬಳ ಪಾಳೀಲೇ ನಿಂತಿದ್ರೆ ತಪ್ಪು ನಂದಾಗ್ತಿತ್ತಾ?"

ಲಝರ್ ಯಂತ್ರದ ಕಡೆ ತಿರುಗಿದ. ಅದು ಓಡುತ್ತಿತ್ತು.