ತೇಲಿದ ಡಬ್ಬಿ

ಡಬ್ಬಿ ಮುಳುಗಲಿಲ್ಲ. ಹಗ್ಗದ ತುದಿಯಲ್ಲಿ ನೀರು ಮುಟ್ಟಿ, ಬುಳಕ್ಕೆಂದು ಮಗುಚಿ, ಅಲ್ಲೇ ತೇಲತೊಡಗಿತು.

"ಒಳಗೆ ಗಾಳಿ ಐತೆ ಸೊಣ್ಣಪ್ಪಣ್ಣ. ಕಲ್ಲು ಕಟ್ಟಿದ್ರೇನೇ ತಳಕ್ಕೆ ಓಗೋದು," ಎಂದ ಕುಪ್ಪುಸ್ವಾಮಿ.

ತಳ ಎಂಬ ಮಾತಿಗೆ ಸೊಣ್ಣಪ್ಪ ದಡದಿಂದ ಒಂದು ಹೆಜ್ಜೆ ಹಿಂದೆ ಸರಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವನದು.

ಕುಪ್ಪುಸ್ವಾಮಿ ರಾಬರ್ಟ್‌ಸನ್‌ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಆ ಡಬ್ಬಿಯನ್ನು ಎಂಬತ್ತಾರರಲ್ಲಿ ಅವನ ಷಡ್ಡಕ ಸಿಂಗಪುರದಿಂದ ತಂದುಕೊಟ್ಟಿದ್ದ. ದಪ್ಪ ಪ್ಲಾಸ್ಟಿಕ್ಕು, ಅಂಚಿಗೆ ರಬ್ಬರು, ಒಳಗೆ ಅಂಗೈಯಗಲದ ಕ್ಯಾಮೆರಾ. ಪ್ರವಾಸ ಹೋದವರು ಸಮುದ್ರದಲ್ಲಿ ಮುಳುಗಿ ಮೀನಿನ ಫೋಟೋ ತೆಗೆಯುವುದಕ್ಕಂತೆ. ಕೆ.ಜಿ.ಎಫ್.ನಲ್ಲಿ ಸಮುದ್ರಕ್ಕೆ ಎಲ್ಲಿ ಹೋಗುವುದು? ಅದು ಗಾಜಿನ ಬೀರುವಿನಲ್ಲಿ ಕೂತು ಗಿರಾಕಿಗಳು ಬಾಯಿ ಬಿಟ್ಟು ನೋಡುವಂತೆ ಮಾಡುತ್ತಿತ್ತು, ಅಷ್ಟೆ.

ಈಗ ಅದಕ್ಕೆ ಮೀನಿಗಿಂತ ದೊಡ್ಡ ಕೆಲಸ ಬಂದಿತ್ತು. ಸೊಣ್ಣಪ್ಪನ ಅಣ್ಣ ಶ್ರೀರಾಮಪ್ಪನ ಹೆಣ ಈ ನೀರಿನಲ್ಲಿ ಎಲ್ಲಿದೆ ಎಂದು ನೋಡಬೇಕಿತ್ತು. ಕುಪ್ಪುಸ್ವಾಮಿಗೆ ಮಾತ್ರ, ಬಿದ್ದ ಎಮ್ಮೆ ಹುಡುಕುವುದೆಂದು ಸೊಣ್ಣಪ್ಪ ಹೇಳಿದ್ದ.

ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಆಚೆ, ಊರ ಹೊಲಗಳ ಅಂಚಿಗಿದ್ದ ಹಳೆಯ ಗಣಿಗುಂಡಿ ಅದು. ತಳದಲ್ಲಿ ಸುರಂಗ, ಬಿದ್ದ ಎಮ್ಮೆ ಕೂಡ ತೇಲಿ ಬಂದದ್ದಿಲ್ಲ. ದಡದಲ್ಲಿ ದೊಡ್ಡ ಆಲ, ಬಿಳಲುಗಳು ನೀರಿನ ಕಡೆಗೆ ಇಳಿಬಿದ್ದಿದ್ದವು. ಮರದಲ್ಲಿ ಮುನೇಶ್ವರ ಇದ್ದಾನೆ. ಅದರಡಿ ಹೋಗುವವರು ಚಪ್ಪಲಿ ಬಿಟ್ಟು, ತಲೆ ತಗ್ಗಿಸಬೇಕು. ತಲೆ ಎತ್ತಿ ಕೊಂಬೆ ನೋಡಿದವರ ಕಣ್ಣು ಹೋಗುತ್ತದೆ. ಹಾಗೆ ಕಣ್ಣು ಹೋದವರನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ತಲೆ ಎತ್ತಿದವರಿದ್ದರೆ ತಾನೆ?

ಹಿಂದಿನ ವಾರ ಮುಚ್ಚಂಜೆಯಲ್ಲಿ, ಹೊಲ ಪಾಲು ಮಾಡುವ ಮಾತಿಗೆ ಅಣ್ಣತಮ್ಮಂದಿರು ಇಲ್ಲೇ ಜಗಳಕ್ಕೆ ಬಿದ್ದಿದ್ದರು. ಸೊಣ್ಣಪ್ಪ ಅಣ್ಣನ ಎದೆಗೆ ಕೈ ಕೊಟ್ಟು ನೂಕಿದ್ದ. ದಡದ ಕಲ್ಲು ಕುಸಿಯಿತು. ಧುಡುಂ ಎಂದು ನೀರಿನಲ್ಲಿ ಸದ್ದಾಯಿತು. ಅವನು ತಿರುಗಿಯೂ ನೋಡದೆ ಓಡಿದ್ದ. ಅಂದಿನಿಂದ ಆ ಸದ್ದು ಅವನನ್ನು ಬಿಟ್ಟಿರಲಿಲ್ಲ. ಹಂಡೆಗೆ ಚೊಂಬು ಅದ್ದಿದರೂ ಅದೇ ಕೇಳುತ್ತಿತ್ತು.

ಅತ್ತಿಗೆ ಆದಿಲಕ್ಷ್ಮಿಯ ಕಾಲು ಹಿಡಿದು ಎಲ್ಲವನ್ನೂ ಹೇಳಿದ್ದ. ಅವಳು ಅರಚಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಗಂಡ ದನ ಕೊಳ್ಳಲು ಕುಪ್ಪಂ ಕಡೆ ಹೋಗಿದ್ದಾನೆ ಎಂದು ನೆರೆಯವರನ್ನು ತಾನೇ ನಂಬಿಸಿದಳು. ಎಂಥ ದೊಡ್ಡ ಮನಸ್ಸು ಎಂದು ಸೊಣ್ಣಪ್ಪ ಬಿಕ್ಕಿಬಿಕ್ಕಿ ಅತ್ತಿದ್ದ. ದಿನವೂ ಅವಳು ಮರದ ಬುಡಕ್ಕೆ ಹೋಗಿ ಸತ್ತವನ ಹೆಸರಿಗೆ ಎಡೆ ಇಡುತ್ತಿದ್ದಳು: ಮುದ್ದೆ, ಬಸ್ಸಾರು, ಮುನಿಗೆಂದು ಒಂದು ಚುಟ್ಟ. ಊರವರ ಕಣ್ಣಿಗೆ ಅದು ಬರೀ ಮುನಿಯ ಪೂಜೆ. ಸಂಜೆಗೆ ತಟ್ಟೆ ಖಾಲಿಯಾಗಿರುತ್ತಿತ್ತು. ಅದನ್ನು ಕಂಡಾಗಲೆಲ್ಲ ಸೊಣ್ಣಪ್ಪ ನೆಲಕ್ಕೆ ಹಣೆ ಹಚ್ಚುತ್ತಿದ್ದ.

"ಅಸಿವು ಇಂಗಿಲ್ಲ ಅವರಿಗೆ," ಎಂದಿದ್ದಳು ಅವಳು. "ನಿನ್ ಪಾಲಿನ ಒಲ ನನ್ ಮಕ್ಕಳ ಎಸರಿಗೆ ಬರ್ಕೊಡು ಸೊಣ್ಣಪ್ಪ. ಆಗ ತಣ್ಣಗಾಯ್ತಾರೆ."

ಅವನು ಒಪ್ಪಿದ್ದ. ಸೋಮವಾರ ಬಂಗಾರಪೇಟೆಯ ರಿಜಿಸ್ಟರ್ ಆಫೀಸಿಗೆ ಹೋಗುವುದೆಂದು ಗೊತ್ತಾಗಿತ್ತು. ಹೊಲ ಹೋದರೆ ಅವನ ಹೆಂಡತಿ ಮಕ್ಕಳಿಗೆ ಕೂಲಿಯೇ ಗತಿ. ಹೋಗಲಿ, ಕೊಂದವನಿಗೆ ಹೊಲ ಯಾಕೆ? ಅದಕ್ಕೆ ಮೊದಲು ಅಣ್ಣ ಎಲ್ಲಿ ಮಲಗಿದ್ದಾನೆಂದು ಒಮ್ಮೆ ನೋಡಬೇಕು, ಮಣ್ಣು ಮಾಡಬೇಕು. ಅಷ್ಟೇ ಅವನ ಆಸೆ.

"ನೀರ್ನಾಗಿರೋರ್ನ ಯಾಕ್ ಕೆಣಕ್ತೀಯಾ?" ಎಂದು ಆದಿಲಕ್ಷ್ಮಿ ಬೇಡವೆಂದಿದ್ದಳು. ಕೇಳದಿದ್ದಾಗ ತಾನೂ ಜೊತೆಗೆ ಬಂದಿದ್ದಳು.

ಕುಪ್ಪುಸ್ವಾಮಿ ಡಬ್ಬಿಗೆ ಕಲ್ಲು ಕಟ್ಟಿದ. ಗುಂಡಿ ಒತ್ತಿ ಇಳಿಬಿಟ್ಟರೆ ಸ್ವಲ್ಪ ಹೊತ್ತಿಗೆ ಕ್ಯಾಮೆರಾ ತಾನೇ ಕ್ಲಿಕ್ಕಾಗುತ್ತಿತ್ತು. ಎಳೆಯುವುದು, ಒತ್ತುವುದು, ಮತ್ತೆ ಇಳಿಸುವುದು. ಮೂವರೂ ಆಲದಡಿ, ದಡದಲ್ಲಿ ಬಗ್ಗಿ ನಿಂತಿದ್ದರು. ಆಗ ಎಲ್ಲಿಂದಲೋ ಚುಟ್ಟದ ವಾಸನೆ ಬಂತು. ಸೊಣ್ಣಪ್ಪ ಕಣ್ಣು ಮುಚ್ಚಿ ಕೈಮುಗಿದ.

"ಮೇಲಿರೋನು ಎಲ್ಲಾ ನೋಡ್ತಾ ಅವ್ನೆ," ಎಂದಳು ಅತ್ತಿಗೆ, ಕೊಂಚ ಜೋರಾಗಿಯೇ.

ಕೊನೆಯ ಸಲ ಕಲ್ಲು ಕಳಚಿಕೊಂಡಿತು. ಡಬ್ಬಿ ಮೇಲೆದ್ದು, ಅಂಗಾತವಾಗಿ ತೇಲುತ್ತಲೇ ಕ್ಲಿಕ್ಕಾಯಿತು.

"ಒಂದು ಫೋಟೋ ಪಡ ದಂಡ ಆಯ್ತು, ಸಾಮಿ," ಎಂದು ಕುಪ್ಪುಸ್ವಾಮಿ ಹಗ್ಗ ಸುತ್ತಿದ.

ಎಡೆ ಇಡುವ ಹೊತ್ತಾಯಿತೆಂದು ಆದಿಲಕ್ಷ್ಮಿ ಅಲ್ಲೇ ಉಳಿದಳು. ಗಂಡಸರಿಬ್ಬರೂ ರಾಬರ್ಟ್‌ಸನ್‌ಪೇಟೆಗೆ ಹೊರಟರು.

ಸ್ಟುಡಿಯೋದ ಕತ್ತಲ ಕೋಣೆಯಲ್ಲಿ, ಕೆಂಪು ಬಲ್ಬಿನ ಕೆಳಗೆ, ಒಂದೊಂದಾಗಿ ಕಾಗದಗಳ ಮೇಲೆ ಚಿತ್ರ ಮೂಡತೊಡಗಿತು. ಬರೀ ಕಪ್ಪು. ಮತ್ತೆ ಕಪ್ಪು. ಒಂದರಲ್ಲಿ ಪಾಚಿಗಟ್ಟಿದ ಗೋಡೆ, ತುಕ್ಕು ಹಿಡಿದ ತಗಡು. ಅಣ್ಣ ಎಲ್ಲೂ ಇರಲಿಲ್ಲ. ಮುಖವನ್ನೂ ತೋರಿಸದಷ್ಟು ಸಿಟ್ಟೇ ಎಂದು ಸೊಣ್ಣಪ್ಪನಿಗೆ ಅಳು ಬಂತು.

ಕುಪ್ಪುಸ್ವಾಮಿ ಕೊನೆಯದನ್ನೂ ನೀರಿನಿಂದ ಎತ್ತಿದ. "ಇದು ನಮ್ದೇ ಪಡ. ಇದು ನಾನು, ಇದು ನೀವು, ಕೈಮುಗ್ದಿದೀರ. ಅಕ್ಕಂದು ಮಾತ್ರ ಮುಖಾನೇ ಬಿದ್ದಿಲ್ಲ ನೋಡಿ, ಬರೀ ಗದ್ದ."

ಸೊಣ್ಣಪ್ಪ ಬಗ್ಗಿ ನೋಡಿದ. ಹೌದು, ಗದ್ದ, ಕೊರಳು, ತಾಳಿ. ಮುನಿಯ ಮರದಡಿ ನಿಂತು ಅತ್ತಿಗೆ ತಲೆ ಎತ್ತಿದ್ದಳು.

ಅವಳ ನೋಟ ಹೋದ ಕಡೆಗೆ ಅವನ ಬೆರಳು ಒದ್ದೆ ಕಾಗದದ ಮೇಲೆ ಮೆಲ್ಲಗೆ ಸರಿಯಿತು. ಬಿಳಲು, ಎಲೆ, ಕೊಂಬೆ.

ಕೊಂಬೆಯ ಮೇಲೆ ಶ್ರೀರಾಮಪ್ಪ ಕುಕ್ಕರಗಾಲಲ್ಲಿ ಕೂತು ಚುಟ್ಟ ಸೇದುತ್ತಿದ್ದ.