ಬಾಗಿಲ ಹಿಂದಿನ ಗೀಟುಗಳು

“ಆ ಗ್ವಾಡಿಗೆ ಸುಣ್ಣ ಹಚ್ಚಿದ್ರ ನಾ ಈ ಮನ್ಯಾಗ ಇರಂಗಿಲ್ಲ.”

“ಇರಬ್ಯಾಡ. ಅಬ್ಬಾನ ಮರ್ಯಾದಿ ಉಳೀಲಿ ಅಂತ ನಾ ಎತ್ತು ಮಾರೇನಿ. ನೀ ಮಸಿ ಗೀಟಿಗೆ ಅಳಾಕತ್ತಿ.”

ತಾಯಿ ಮರಿಯಮಬಿ ಕಸಿದು ಹಿಡಿದಿದ್ದ ಸುಣ್ಣದ ಕುಂಚವನ್ನು ಹಯಾತ ಮತ್ತೆ ಕಿತ್ತುಕೊಂಡ. ಸವಣೂರಿನ ಆ ಮನೆಯ ಅಂಗಳದಲ್ಲಿ ನಾಲ್ಕು ಚೀಲ ಗೋಧಿ, ಪಕ್ಕದಲ್ಲಿ ತಕ್ಕಡಿ. ಹೊರಗೆ ಕಟ್ಟೆಯ ಮೇಲೆ ಓಣಿಯ ಬಡವರು ಸೆರಗು ಹಾಸಿ, ವಸ್ತ್ರ ಹಾಸಿ ಕುಳಿತಿದ್ದರು. ರೇಷನ್ ಕಾಲ, ಅಷ್ಟು ಗೋಧಿಯನ್ನು ಒಟ್ಟಿಗೆ ನೋಡಿ ಅವರಿಗೆ ವರ್ಷಗಳೇ ಆಗಿದ್ದವು.

ಅವನ ಅಪ್ಪ ಉಸ್ಮಾನಸಾಬ ಸತ್ತು ಇಪ್ಪತ್ತು ದಿನವಾಗಿತ್ತು. ಬದುಕೆಲ್ಲ ವೀಳ್ಯದೆಲೆಯ ಪೆಂಡಿ ಹೇರಿಕೊಂಡು ಹಾನಗಲ್ಲು, ಹಿರೇಕೆರೂರು ಅಂತ ಗಾಡಿ ಹೊಡೆದವನು. ಓದು ಬರಹ ಗೊತ್ತಿಲ್ಲ. ಮಲಗುವ ಕೋಣೆಯ ಬಾಗಿಲ ಹಿಂದೆ, ಗೋಡೆಯ ಮೇಲೆ, ಇದ್ದಿಲಿನ ಗೀಟುಗಳು. ಎಣಿಸಿದರೆ ಇನ್ನೂರ ನಲವತ್ತು. ಪ್ರತಿ ರಂಜಾನಿಗೆ ಮನೆಯೆಲ್ಲ ಸುಣ್ಣ ಬಳಿದರೂ ಮರಿಯಮಬಿ ಅಷ್ಟು ಜಾಗ ಬಿಟ್ಟುಬಿಡುತ್ತಿದ್ದಳು. ಮಣ್ಣು ಮಾಡಿ ಬಂದ ದಿನ ಹಯಾತ ಕೇಳಿದಾಗ, “ಅವು ನಮಾಜಿನ ಲೆಕ್ಕ” ಎಂದಷ್ಟೇ ಹೇಳಿ ಬಾಯಿ ಹೊಲಿದುಕೊಂಡಿದ್ದಳು.

ಅಷ್ಟು ಸಾಕಾಗಿತ್ತು ಹಯಾತನಿಗೆ. ಗಾಡಿ ಹಾದಿಯಲ್ಲಿ ಬಿಟ್ಟ ನಮಾಜು; ಅಂಜಿಕೆಗೆ ಗೀಟು ಹಾಕಿಟ್ಟಿದ್ದಾನೆ. ಮಸೀದಿಯ ಮುಲ್ಲಾ ದಾರಿ ತೋರಿಸಿದ: ಸತ್ತವರು ಬಿಟ್ಟ ಒಂದೊಂದು ನಮಾಜಿಗೂ ಇಷ್ಟು ಗೋಧಿ ಬಡವರ ಪಾಲು ಮಾಡಿದರೆ ಬಾಕಿ ತೀರುತ್ತದೆ.

ಹಯಾತ ತಾನೂ ಒಂದು ಕಾಲಕ್ಕೆ ಮಸೀದಿಯ ನೆರಳು ತುಳಿಯದವನೇ. ಹದಿನೆಂಟಕ್ಕೆ ಮುಂಬೈಗೆ ಓಡಿಹೋಗಿ ಬಂದರಿನಲ್ಲಿ ಹಮಾಲಿ ಮಾಡಿದ. ಆ ಬಂದರಿಗೆ ಬೆಂಕಿ ಬಿದ್ದು ನೂರಾರು ಮಂದಿ ಸತ್ತ ವರ್ಷವೂ ಮನೆಗೆ ಒಂದು ಕಾಗದ ಹಾಕಲಿಲ್ಲ. ಬೆಂಕಿ ಕಂಡ ಮೇಲೆ ದೇವರ ಭಯ ಹುಟ್ಟಿ, ಗಡ್ಡ ಬಿಟ್ಟು, ಒಂದು ಸಂಜೆ ಮರಳಿದ. ಅಪ್ಪ ಅವನ ಮುಖ, ತೋಳು, ಬೆರಳು ಮುಟ್ಟಿ ಮುಟ್ಟಿ ನೋಡಿದ್ದ. ಮುದುಕನಿಗೆ ಕಣ್ಣು ಮಂಜಾಗಿದೆ ಎಂದುಕೊಂಡಿದ್ದ ಹಯಾತ.

“ಕೇಳ್ರಿ,” ಎಂದು ಈಗ ಅವನು ಕಟ್ಟೆಯವರಿಗೆ ಕೂಗಿ ಹೇಳಿದ. “ನಮ್ಮ ಅಬ್ಬಾ ಬಿಟ್ಟ ನಮಾಜಿನ ಬಾಕಿ ಇದು. ನನಗ ನಾಚಿಕಿ ಆಗತೈತಿ. ಆದ್ರೂ ತೀರಸ್ತೇನಿ.”

ಉಸ್ಮಾನಸಾಬನ ಜೋಡಿ ಗಾಡಿಯವನು ಗುದ್ಲೆಪ್ಪ ಕಟ್ಟೆಯಿಂದ ಎದ್ದ. “ತಮ್ಮಾ, ಮೂವತ್ತು ವರ್ಷ ನಿಮ್ಮಪ್ಪನ ಹಿಂದ ಗಾಡಿ ಹೊಡದೇನಿ. ನಮಾಜಿನ ಹೊತ್ತಾತಂದ್ರ ಅವನ ಎತ್ತು ತಾವ ನಿಲ್ಲತಿದ್ವು. ನಾ ಬೈಕೋತ ಕುಂಡರತಿದ್ದೆ. ಅಂವ ಬಿಟ್ಟಿದ್ದು ಯಾವಾಗ?”

“ಎತ್ತಿನ ಸಾಕ್ಷಿ ಹೇಳಾಕ ಬಂದಿಯೇನು ಕಾಕಾ? ಗ್ವಾಡಿ ಹೇಳತೈತಿ ನೋಡು.”

ಗುದ್ಲೆಪ್ಪ ಮರಿಯಮಬಿಯ ಕಡೆ ನೋಡಿದ. ಆಕೆ ಒಳಗೆ ಹೋಗಿ ಬಟ್ಟೆಯ ಗಂಟಿನೊಂದಿಗೆ ಹೊರಬಂದಳು. ಹೊಸ್ತಿಲ ಮೇಲೆ ನಿಂತಳು.

“ನಾಲ್ಕು ಮಂದಿ ಮುಂದ ಅವರನ್ನ ಬೆತ್ತಲೆ ಮಾಡಿದಿ. ಹೇಳಬ್ಯಾಡ, ಹುಡುಗ ನೊಂದ್ಕೋತಾನ ಅಂದಿದ್ರು, ಅದಕ್ಕ ಸುಮ್ಮನಿದ್ದೆ. ಇದೇ ಮುಲ್ಲಾನನ್ನ ಅವರೂ ಕೇಳಿದ್ರು, ಸತ್ತವರ ನಮಾಜು ಹೆಂಗ ತೀರಸೋದಂತ. ಅವರ ಹೆಸರಲೆ ನೀ ನಮಾಜು ಓದಿದ್ರ ಅವರಿಗೆ ಮುಟ್ಟಂಗಿಲ್ಲ, ಗೋಧಿ ಕೊಡು ಅಂದ. ಗೋಧಿ ಇರಲಿಲ್ಲ. ಮೊಣಕಾಲು ಇದ್ವು. ದಿನಾ ತಮ್ಮವು ಐದು ಓದಿ, ಮ್ಯಾಲೊಂದು ಓದಿ, ಒಂದು ಗೀಟು ಹಾಕತಿದ್ರು.”

ಹಯಾತನ ಕೈಯಲ್ಲಿ ಕುಂಚದ ಸುಣ್ಣ ತೊಟ್ಟಿಕ್ಕುತ್ತಿತ್ತು. “ಸತ್ತವರು ಯಾರು?”

“ಕಡೀ ಗೀಟು ಯಾವತ್ತಿಂದು, ನಿಮ್ಮ ಕಾಕಾನ ಕೇಳು.”

ಆಕೆ ಮೆಟ್ಟಿಲಿಳಿದಳು. ತಂಗಿಯ ಊರು ತಡಸದ ಹಾದಿ ಹಿಡಿದಳು. ಗಂಡನ ನಲವತ್ತನೆಯ ದಿನದ ಕಾರ್ಯಕ್ಕೂ ಬರಲಿಲ್ಲ. ಆಮೇಲೂ ಆ ಹೊಸ್ತಿಲು ತುಳಿಯಲಿಲ್ಲ.

ಆ ಹೊತ್ತು ಅಂಗಳದಲ್ಲಿ ಗೋಧಿ ಕೇಳುವವರಿರಲಿಲ್ಲ. ಬಡವರು ವಸ್ತ್ರ ಝಾಡಿಸಿ ಎದ್ದಿದ್ದರು. ಗುದ್ಲೆಪ್ಪ ನೆಲ ನೋಡುತ್ತ ಹೇಳಿದ:

“ನೀ ಮುಂಬೈಯಿಂದ ಜೀವಂತ ಬರೋ ಹಿಂದಿನ ದಿನದ್ದು.”