ಹನ್ನೊಂದನೇ ವಾರ್ಡಿನ ಮತ

ಗೋಪಾಲಪ್ಪನ ಸೊಸೆ ರಮ್ಯ ಪುರಸಭೆಯ ಅಧ್ಯಕ್ಷೆಯಾಗುವುದಕ್ಕೆ ಒಪ್ಪುವವರು ಕೈ ಎತ್ತಬೇಕೆಂದು ತಹಶೀಲ್ದಾರರು ಹೇಳಿದಾಗ ಸದಸ್ಯೆ ಪ್ರಮೋದಾ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು. ಪಕ್ಕದಲ್ಲಿ ಕೂತಿದ್ದ ಗೋಪಾಲಪ್ಪ ಅವಳ ಪಕ್ಷದ ಮುಖಂಡ. ಅವನು ಅವಳ ಮಣಿಕಟ್ಟು ಹಿಡಿದು ತಾನೇ ಮೇಲಕ್ಕೆತ್ತಿದ. ಅವಳು ಕೊಸರಿಕೊಂಡ ರಭಸಕ್ಕೆ ಎರಡು ಗಾಜಿನ ಬಳೆ ಒಡೆದು ಮೇಜಿನ ಮೇಲೆ ಬಿದ್ದವು.

“ಏನಮ್ಮ ಇದು? ಪಕ್ಷದ ವಿಪ್ ಐತೆ. ನಿನ್ ಸದಸ್ಯತ್ವ ಹೋಗ್ತದೆ!”

“ಹೋಗ್ಲಿ ಬಿಡಣ್ಣ. ನಮ್ಮ ವಾರ್ಡಿನ ನಲ್ಲೀಲಿ ಎರಡು ತಿಂಗಳು ಚರಂಡಿ ನೀರು ಬಂದಾಗ ಬಾಯಿ ಮುಚ್ಕೊಂಡಿರು ಅಂದ್ರಿ. ಬಾಶೆಟ್ಟಿಹಳ್ಳಿ ಫ್ಯಾಕ್ಟರೀಲಿ ಶಿಫ್ಟ್ ಮುಗಿಸ್ಕೊಂಡು ಬಂದ ನಮ್ಮ ಹೆಂಗಸ್ರ ಜೊತೆ ರಸ್ತೇಲಿ ಕೂತಿದ್ದು ಎದುರು ಪಕ್ಷದ ಸಪ್ಪಲಮ್ಮ.”

ಪ್ರಮೋದಾಳನ್ನು ಬಿಟ್ಟು ರಮ್ಯಳಿಗೆ ಏಳು ಮತ ಎಂದು ಬರೆದುಕೊಂಡ ತಹಶೀಲ್ದಾರರು ಎದುರಾಳಿ ಅಭ್ಯರ್ಥಿ ಸಪ್ಪಲಮ್ಮನ ಹೆಸರು ಕೂಗಿದರು. ಎದುರು ಸಾಲಿನಲ್ಲೂ ಏಳೇ ಕೈಗಳು ಎದ್ದವು. ಗೋಪಾಲಪ್ಪ ಪ್ರಮೋದಾಳನ್ನು ತಡೆಯಲು ಮತ್ತೆ ಅವಳ ತೋಳಿಗೆ ಕೈ ಚಾಚಿದ. ಅಷ್ಟರಲ್ಲಿ ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಿದ್ದಳು. ಬಳೆಚೂರು ಗೀರಿ ರಕ್ತ ಜಿನುಗುತ್ತಿದ್ದ ಕೈಯನ್ನು ತಲೆಗಿಂತ ಎತ್ತರಕ್ಕೆ ಹಿಡಿದಳು.

“ಬರ್ಕೊಳ್ಳಿ ಸಾರ್. ಹನ್ನೊಂದನೇ ವಾರ್ಡು, ಪ್ರಮೋದಾ. ಈ ಸಲ ನಾನೇ ಎತ್ತಿದೀನಿ.”